ಬೆಚ್ಚಗಿದ್ದ ಬಂಡೆ

ನೀಲಗಿರಿಯ ಮೇಲೆ, ಆಲೂಗೆಡ್ಡೆ ಹೊಲಗಳ ಅಂಚಿನ ಹುಲ್ಲುಗುಡಿಸಲೊಂದರಲ್ಲಿ ಮಾತೆ ರಂಗಾಂಬೆಯವರು ವಾಸವಾಗಿದ್ದರು. ಒಂದು ಕಂಬಳಿ, ಒಂದು ತಂಬಿಗೆ, ಹಿತ್ತಲಿನ ಕರಿಬಂಡೆಗೆ ಒರಗಿ ಬೆಳೆದ ಒಂದು ತುಳಸಿ; ಇಷ್ಟೇ ಅವರ ಸಂಸಾರ. ಮಾಗಿಯಲ್ಲಿ ಇಬ್ಬನಿ ಹೆಪ್ಪುಗಟ್ಟಿ ಹುಲ್ಲೂ ಸುಟ್ಟುಹೋಗುವ ಆ ಊರಿನಲ್ಲಿ ಅವರ ತುಳಸಿ ಮಾತ್ರ ಹಸಿರಾಗಿ ನಿಂತಿತ್ತು.

ಅದೇ ಊರಿಗೆ ಅಂಚೆಮನೆಯ ಕೆಲಸಕ್ಕೆ ಬಂದಿದ್ದ ಶಾಮಣ್ಣನವರು ಎದೆಯ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಹೆಂಡತಿ ತಿಮ್ಮಾಜಮ್ಮ ಮೈಸೂರು ಸೀಮೆಯ ಮಡಿವಂತೆ. ಮನೆಯ ತುಳಸಿ ಒಣಗಿದರೆ ಮುತ್ತೈದೆತನಕ್ಕೆ ಕೇಡು ಎಂಬ ಮಾತು ಆಕೆಯ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ನೆಟ್ಟ ಗಿಡಗಳೆಲ್ಲ ಕಪ್ಪಾಗಿ ಸತ್ತು, ತವರಿನಿಂದ ತಂದ ಕುಂಡದಲ್ಲಿ ಒಂದೇ ಸಸಿ ಉಳಿದಿತ್ತು. ಆಕೆಯೋ ಮಹಾ ಹಟಮಾರಿ. ನಸುಕಿಗೇ ತಣ್ಣೀರು ಮಿಂದು, ಒದ್ದೆ ಸೀರೆಯಲ್ಲೇ ಸಸಿಗೆ ಬಿಂದಿಗೆ ನೀರು ಸುರಿದು ಪ್ರದಕ್ಷಿಣೆ ಹಾಕುವಳು. ಹಾಸಿಗೆ ಮುಟ್ಟಿದರೆ ಮೈಲಿಗೆಯೆಂದು ಗಂಡನಿಗೆ ಗಂಜಿಯನ್ನು ದೂರದಿಂದಲೇ ಸರಿಸುವಳು.

ಆ ಸಸಿಯ ತುದಿಯೂ ಕಪ್ಪಾಯಿತು. ಈ ಸನ್ಯಾಸಿನಿ ಏನೋ ಮಾಟ ಮಾಡುತ್ತಾಳೆಂದು ಗೊಣಗುತ್ತ, ಕುಂಡ ಎತ್ತಿಕೊಂಡು ಗುಡಿಸಲಿಗೆ ಬಂದಳು. ಮಾತೆಯವರು ಆಕೆಯ ಒದ್ದೆ ಸೆರಗನ್ನು ನೋಡಿದರು, ಸಸಿಯನ್ನೂ ನೋಡಿದರು.

“ಭಕ್ತಿ ನಿನ್ನದು ಮಗು, ಚಳಿ ಅವಳದು,” ಎಂದು ಸಸಿಯ ಎಲೆ ಸವರಿದರು.

ಹಗಲೆಲ್ಲ ಬಿಸಿಲು ಕುಡಿಯುವ ಬಂಡೆಯ ಮಗ್ಗುಲಿಗೆ ಕುಂಡ ಇಡಿಸಿದರು. ಸಂಜೆಗೆ ಹೊದಿಸಬೇಕು, ಬಿಸಿಲೇರಿದ ಮೇಲಷ್ಟೇ ಉಗುರುಬೆಚ್ಚಗಿನ ನೀರು ಹಾಕಬೇಕು, ತೆನೆ ಬಂದರೆ ಚಿವುಟಬೇಕು ಎಂದು ತಿಳಿಸಿದರು. ಅಯ್ಯೋ, ಇಷ್ಟೇನಾ ಎಂದುಕೊಂಡಳು ತಿಮ್ಮಾಜಮ್ಮ. ಆದರೂ ಮನಸ್ಸು ತಡೆಯದೆ, ಮರುದಿನ ಬೆಳಕು ಹರಿಯುವ ಮುನ್ನವೇ ನೋಡಲು ಬಂದಳು.

ಹೊಲವೆಲ್ಲ ಸುಣ್ಣ ಬಳಿದಂತಿತ್ತು. ಒಂದು ಹಕ್ಕಿಯ ದನಿಯೂ ಇಲ್ಲ. ಇದ್ದ ಒಂದೇ ಕಂಬಳಿಯನ್ನು ಎರಡೂ ಗಿಡಗಳಿಗೆ ಹೊದಿಸಿ ಮಾತೆಯವರು ಪಕ್ಕದಲ್ಲಿ ಕಣ್ಣುಮುಚ್ಚಿ ಕೂತಿದ್ದರು. ಅವರ ಕೂದಲ ಮೇಲೆಲ್ಲ ಮಂಜಿನ ಹರಳು. ತಿಮ್ಮಾಜಮ್ಮ ಬಂಡೆಯ ಮೇಲೆ ಕೈಯಿಟ್ಟಳು. ರಾತ್ರಿಯೆಲ್ಲ ಹಿಮ ಸುರಿದ ಆ ಕಲ್ಲು ಜೀವವಿರುವ ಮೈಯಂತೆ ಬೆಚ್ಚಗಿತ್ತು. ಬೆದರಿ ಮಾತೆಯವರ ಪಾದ ಮುಟ್ಟಿದಳು. ಅದು ಕಲ್ಲಿನಂತೆ ಕೊರೆಯುತ್ತಿತ್ತು. ಮೂಗಿನ ಬಳಿ ಬೆರಳು ಹಿಡಿದರೆ ಉಸಿರಿಲ್ಲ. ಉಸಿರು ಕೇಳಿಸುತ್ತಿದ್ದುದು ಕಂಬಳಿಯ ಒಳಗಿನಿಂದ, ಮಲಗಿದ ಮಗುವಿನದರಂತೆ ಮೆಲ್ಲಗೆ. ಆಕೆ ಅಲ್ಲೇ ಕೂತುಬಿಟ್ಟಳು.

ಬಂಡೆಯ ನೆತ್ತಿಗೆ ಬಿಸಿಲು ತಾಗಿದಾಗ ಮಾತೆಯವರು ಕಣ್ಣು ತೆರೆದರು.

“ಇವಳ ಹತ್ತಿರ ನಾನಿದ್ದೆ. ಅಲ್ಲಿ ಮನೆಯಲ್ಲಿ ಅವನ ಹತ್ತಿರ ಯಾರಿದ್ದರು?”

ತಿಮ್ಮಾಜಮ್ಮ ಹೆಪ್ಪುಗಟ್ಟಿದ ಹುಲ್ಲು ತುಳಿಯುತ್ತ ಮನೆಗೆ ಓಡಿದಳು. ಮಡಿ ಸೀರೆಯಲ್ಲೇ ಹಾಸಿಗೆಯ ಮೇಲೆ ಕೂತು ಗಂಡನ ಪಾದಗಳನ್ನು ಮಡಿಲಿಗೆ ಎಳೆದುಕೊಂಡಳು.

“ಯಾರ ಕೈ ಇದು? ಎಷ್ಟು ಬೆಚ್ಚಗಿದೆ,” ಎಂದರು ಶಾಮಣ್ಣನವರು, ಕಣ್ಣು ತೆರೆಯದೆ.

ಅಷ್ಟು ಚಳಿಯಲ್ಲಿ ಬಂದ ತನ್ನ ಅಂಗೈಯನ್ನು ಆಕೆ ನೋಡಿಕೊಂಡಳು. ಬಂಡೆಯ ಬಿಸುಪು ಹಾಗೇ ಇತ್ತು. ಬಿಕ್ಕಿ ಬಿಕ್ಕಿ ಅತ್ತಳು.

ಮಾಗಿ ಕಳೆಯುವಷ್ಟರಲ್ಲಿ ಶಾಮಣ್ಣನವರು ಎದ್ದು ಓಡಾಡಿದರು, ಸಸಿಯೂ ಚಿಗುರಿತು. ಮುಂದೆ ಮಾತೆಯವರು ದೇಹ ಬಿಟ್ಟ ಮೇಲೆ ಆ ಬಂಡೆಯ ಸೇವೆ ತಿಮ್ಮಾಜಮ್ಮನವರದೇ ಆಯಿತು. ಸಂಜೆ ಗಿಡಗಳಿಗೆ ಕಂಬಳಿ ಹೊದಿಸಿ, ಅದಕ್ಕೆ ಕಿವಿಯಾನಿಸಿ ನಿಲ್ಲುತ್ತಿದ್ದರಂತೆ. ಒಳಗೆ ಉಸಿರು ಕೇಳಿಸಿದ ಮೇಲೆಯೇ ಮನೆಗೆ ಹೋಗುತ್ತಿದ್ದರಂತೆ, ಗಂಡನ ಕಾಲೊತ್ತುವುದಕ್ಕೆ.