ಗೋಡೆಯೊಳಗಿನ ಜೇನು

ಹಿಮಾಲಯದ ತಪ್ಪಲಲ್ಲಿ, ಒಂದು ನದಿಯ ದಡದಲ್ಲಿ, ನಿರ್ವಾಣಯ್ಯ ಎಂಬ ಗುರುವಿನ ಆಶ್ರಮವಿತ್ತು.

ಚಳಿಗಾಲ ಬಂತೆಂದರೆ ಅಲ್ಲಿ ಗ್ರಂಥಪಾಠ ನಿಲ್ಲುತ್ತಿತ್ತು. ಗುರು ಒಬ್ಬೊಬ್ಬ ಶಿಷ್ಯನಿಗೆ ಒಂದೊಂದು ಜೀವವನ್ನು ವಹಿಸಿಕೊಡುತ್ತಿದ್ದರು. ಅದು ಚಳಿಯನ್ನು ಹೇಗೆ ಕಳೆಯುತ್ತದೆಂದು ನೋಡುವುದೇ ಆ ಕಾಲದ ಪಾಠ.

ಆ ವರ್ಷ ತಿಪ್ಪೇಶನಿಗೆ ಎಲೆ ಉದುರಿಸಿ ನಿಂತ ಅಕ್ರೋಟು ಮರ ಬಂತು. ಇನ್ನೊಬ್ಬನಿಗೆ ಕೆಸರಿನಲ್ಲಿ ಹುದುಗಿದ ಕಪ್ಪೆ. ಮಹಾಂತನಿಗೆ ಅಡುಗೆಮನೆಯ ಗೋಡೆಯಲ್ಲಿ ಗೂಡು ಕಟ್ಟಿದ್ದ ಜೇನುಹುಳಗಳು.

ಮೊದಲ ಹಿಮ ಬಿದ್ದ ಮೇಲೆ ಆಶ್ರಮಕ್ಕೆ ಜ್ವರ ಬಂತು. ಗುರುವೂ ಹಾಸಿಗೆ ಹಿಡಿದರು. ಗಟ್ಟಿಯಾಗಿ ಉಳಿದವನು ಮಹಾಂತ ಒಬ್ಬನೇ. ನೀರು ತಂದ, ಸೌದೆ ಒಡೆದ, ಗಂಜಿ ಕಾಯಿಸಿದ, ವಾಂತಿ ಬಳಿದ.

ಬರುಬರುತ್ತಾ ಒಬ್ಬೊಬ್ಬರೇ ಎದ್ದು ಓಡಾಡತೊಡಗಿದರು.

"ಅಣ್ಣಾ, ಇನ್ನು ಸೌದೆ ನಾನು ನೋಡಿಕೊಳ್ಳುತ್ತೇನೆ" ಎಂದ ತಿಪ್ಪೇಶ.

"ನೀನಿನ್ನೂ ಸುಧಾರಿಸಿಕೋ" ಎಂದ ಮಹಾಂತ. ಯಾರು ಕೇಳಿದರೂ ಅವನದು ಅದೇ ಮಾತು.

ಒಂದು ಬೆಳಿಗ್ಗೆ ಒಲೆಯ ಮುಂದೆ ಕೂತಲ್ಲೇ ಅವನ ಕಣ್ಣು ಮುಚ್ಚಿತು. ಗಂಜಿ ತಳ ಹಿಡಿಯಿತು. ಗಡಿಬಿಡಿಯಲ್ಲಿ ಇಳಿಸಲು ಹೋದಾಗ ಪಾತ್ರೆ ಜಾರಿ, ಪಕ್ಕದಲ್ಲಿ ಚಳಿ ಕಾಯಿಸಿಕೊಳ್ಳುತ್ತಿದ್ದ ಆಶ್ರಮದ ಮುದಿ ಸಾಧುವೊಬ್ಬನ ಕಾಲ ಮೇಲೆ ಚೆಲ್ಲಿತು.

ಮುದುಕ ನರಳಿದ. ಮಹಾಂತನಿಗೆ ಅಯ್ಯೋ ಎನಿಸಲಿಲ್ಲ. ಸಿಟ್ಟು ಬಂತು.

ಸುಟ್ಟ ಕಾಲಿಗೆ ಔಷಧ ಹಚ್ಚಿ, ಗುರುವಿನ ಬಳಿ ಹೋಗಿ ಕೂತ.

"ನಾನು ಹೊರಡುತ್ತೇನೆ, ಗುರುಗಳೇ. ನನ್ನೊಳಗೆ ಏನೂ ಉಳಿದಿಲ್ಲ. ನರಳುವವರನ್ನು ಕಂಡರೆ ಸಿಟ್ಟು ಬರುತ್ತಿದೆ."

ಗುರು ಹಾಸಿಗೆಯಲ್ಲೇ ಎದ್ದು ಕೂತರು.

"ನಿನ್ನ ಜೇನು ಹೇಗಿದೆ?"

"ಸತ್ತಿರಬೇಕು. ಹೊರಗೆ ಒಂದು ಹುಳವೂ ಕಾಣುವುದಿಲ್ಲ."

"ಒಳಗೆ ನೋಡಿದೆಯಾ?"

"ಪುರುಸೊತ್ತೆಲ್ಲಿತ್ತು?"

ಗುರು ಅವನ ಭುಜ ಹಿಡಿದು ಎದ್ದರು. ಇಬ್ಬರೂ ನಿಧಾನವಾಗಿ ಅಡುಗೆಮನೆಗೆ ಹೋದರು. ಗೂಡಿಗೆ ಒಳಗಡೆಯಿಂದ ಮುಚ್ಚಿದ್ದ ಹಲಗೆಯನ್ನು ಗುರು ಬೆರಳಗಲ ಸರಿಸಿದರು.

ಹುಳಗಳು ಒಂದಕ್ಕೊಂದು ಅಂಟಿಕೊಂಡು ಉಂಡೆಯಾಗಿದ್ದವು. ಕಿವಿಗೊಟ್ಟರೆ ಸಣ್ಣ ಗುಂಯ್ ಸದ್ದು.

"ಬದುಕಿವೆ" ಎಂದ ಮಹಾಂತ.

"ಮೈ ನಡುಗಿಸುತ್ತಿವೆ. ಆ ನಡುಕದಿಂದಲೇ ಗುಂಪಿಗೆಲ್ಲ ಬಿಸಿ. ಹೂವಿಲ್ಲದ ಕಾಲದಲ್ಲಿ ಅವಕ್ಕೆ ಇರುವುದು ಅದೊಂದೇ ಕೆಲಸ."

"ಹೊರಮೈಯಲ್ಲಿರುವವು ಚಳಿಗೆ ಸಾಯುವುದಿಲ್ಲವೇ?"

"ನೋಡು."

ರೆಕ್ಕೆಯ ಅಂಚು ಹರಿದ ಒಂದು ಹುಳ ಹೊರಗಡೆ ಕೂತಿತ್ತು. ಮಹಾಂತ ಅದನ್ನೇ ನೋಡಿದ. ಬಹಳ ಹೊತ್ತಾದ ಮೇಲೆ ಅದು ತಲೆ ತೂರಿಸಿ ಒಳಕ್ಕೆ ನುಸುಳತೊಡಗಿತು. ಸುತ್ತಲಿನವು ಜಾಗ ಬಿಟ್ಟವು.

"ಅದು ಬಿಟ್ಟುಹೋದ ಜಾಗ?" ಎಂದ.

ಗುರು ಅತ್ತ ಬೆರಳು ತೋರಿಸಿದರು. ಒಳಗಿನಿಂದ ಇನ್ನೊಂದು ಹುಳ ಮೇಲೆ ಬಂದು ಅಲ್ಲಿ ಕೂತಿತು.

ಗುರು ಹಲಗೆ ಮುಚ್ಚಿ, ಸಂದಿಗೆ ಮಣ್ಣು ಮೆತ್ತಿದರು. ಆಮೇಲೆ ಒಲೆಯ ಪಕ್ಕ ಮಹಾಂತನಿಗೆ ತಮ್ಮ ಕಂಬಳಿ ಹಾಸಿದರು.

ಅಂಗಳದಲ್ಲಿ ಕೊಡಲಿಯ ಸದ್ದು ಕೇಳಿತು. ನಡುವೆ ಕೆಮ್ಮು. ತಿಪ್ಪೇಶ ಸೌದೆ ಒಡೆಯುತ್ತಿದ್ದ.

ಮಹಾಂತ ತಟ್ಟನೆ ಬಾಗಿಲು ತೆರೆದು ಹೊಸ್ತಿಲು ದಾಟಿದ. "ಅವನಿಗಿನ್ನೂ ಕೆಮ್ಮು ಬಿಟ್ಟಿಲ್ಲ, ಗುರುಗಳೇ. ನಾನು ಮಲಗಿದರೆ..."

ತಣ್ಣನೆಯ ಗಾಳಿಯಲ್ಲಿ ಹಾಗೇ ನಿಂತ.

"ಅವನು ಒಡೆಯಲಿ" ಎಂದರು ಗುರು. "ನೀನು ಒಳಗೆ ಬಾ."