ಅಂಬಿಗನ ಮಗಳು ಕೇಳಿದ ಪ್ರಶ್ನೆ

“ಗುರುಗಳೇ, ನೊಂದವರು ನಮ್ಮ ಬಳಿಗೆ ಬರುತ್ತಾರೆ. ಯಾವ ಮಾತು ಹೇಳಿದರೆ ಅವರ ನೋವು ಇಳಿಯುತ್ತದೆ ಎಂಬುದು ಕೆಲವೊಮ್ಮೆ ನಮಗೆ ಗೊತ್ತಿರುತ್ತದೆ. ಗೊತ್ತಿದ್ದೂ ಹೇಳದೆ ಕಾಯುವುದು ಕ್ರೌರ್ಯವಲ್ಲವೇ?” ಎಂದು ಶಿಷ್ಯೆ ಕೇಳಿದಳು. ಮನಸ್ಸಿನ ಚಿಕಿತ್ಸೆ ಕಲಿಯಲು ಅವಳು ಬಂದು ಆರು ತಿಂಗಳಾಗಿತ್ತು.

ಗುರು ಈ ಕತೆ ಹೇಳಿದರು.

ಹೊಳೆದಂಡೆಯ ಊರಿನಲ್ಲಿ ಒಬ್ಬ ಅಂಬಿಗನಿದ್ದ. ಒಂದು ದಿನ ಹೆಂಡತಿಯನ್ನೂ ಮಗಳನ್ನೂ ಹರಿಗೋಲಿನಲ್ಲಿ ಕೂರಿಸಿಕೊಂಡು ಹೊಳೆ ದಾಟುತ್ತಿದ್ದಾಗ, ಹರಿಗೋಲು ಸುಳಿಗೆ ಸಿಕ್ಕಿ ಮಗುಚಿತು. ನೀರಿನಲ್ಲಿ ಅವನಿಗೆ ಒಂದು ಕೈ ಸಿಕ್ಕಿತು. ಅದನ್ನು ಬಿಡದೆ ದಡಕ್ಕೆ ಈಜಿದ. ಉಳಿದವಳು ಮಗಳು. ಹೆಂಡತಿ ಉಳಿಯಲಿಲ್ಲ.

ಮಗಳ ಹೆಸರು ನೀಲವ್ವ, ವಯಸ್ಸು ಹದಿನೈದು. ಅಂದಿನಿಂದ ಅವಳು ಅಪ್ಪನೊಡನೆ ಮಾತು ಬಿಟ್ಟಳು, ಶಾಲೆ ಬಿಟ್ಟಳು. ಅಪ್ಪ ಅನ್ನ ಬಡಿಸಿ ತಟ್ಟೆಯನ್ನು ಅವಳ ಮುಂದಿಡುತ್ತಿದ್ದ. ಮುಖ ನೋಡದೆ ಎದ್ದು ಹೋಗಿ ಹೊರಗೆ ಕೂರುತ್ತಿದ್ದ. ಎಂಟು ತಿಂಗಳು ಹೀಗೇ ಕಳೆಯಿತು. ಮಗಳು ಸೊರಗಿ ಕಡ್ಡಿಯಾದಾಗ, ಅವಳನ್ನು ಪಟ್ಟಣದಲ್ಲಿದ್ದ ಮನಸ್ಸಿನ ವೈದ್ಯೆಯ ಬಳಿಗೆ ಕರೆತಂದ.

“ಇವಳು ನನ್ನ ಹತ್ತಿರ ಮಾತಾಡುವ ಹಾಗೆ ಮಾಡಿ ಡಾಕ್ಟರಮ್ಮ, ಅಷ್ಟೇ ಸಾಕು,” ಎಂದ.

ವೈದ್ಯೆ ಅವನನ್ನು ಹೊರಗೆ ಕೂರಲು ಹೇಳಿದರು. ಹುಡುಗಿಗೆ, “ನೀನು ಇಲ್ಲಿ ಹೇಳುವುದು ನಿನ್ನ ಅಪ್ಪನಿಗೂ ಹೋಗುವುದಿಲ್ಲ. ನಿನ್ನ ಜೀವಕ್ಕೆ ಅಪಾಯ ಅನಿಸಿದರೆ ಮಾತ್ರ, ನಿನಗೆ ತಿಳಿಸಿಯೇ ಹೇಳುತ್ತೇನೆ,” ಎಂದರು.

ಐದು ವಾರ ಹುಡುಗಿ ಬಂದಳು, ಕಿಟಕಿಯ ಕಡೆ ಮುಖ ಮಾಡಿ ಕೂತಳು, ಹೋದಳು. ಆರನೆಯ ವಾರ ತಾನಾಗಿಯೇ ಕೇಳಿದಳು, “ನಾನು ಸುಮ್ಮನೆ ಕೂತರೆ ನಿಮಗೆ ಬೇಸರವಾಗುವುದಿಲ್ಲವಾ?”

“ಈ ಹೊತ್ತು ನಿನ್ನದು. ಮಾತಾಡಿದರೂ ನಿನ್ನದೇ, ಸುಮ್ಮನಿದ್ದರೂ ನಿನ್ನದೇ.”

ಹುಡುಗಿ ಬಹಳ ಹೊತ್ತು ಅತ್ತಳು. ಆಮೇಲೆ ಹೇಳಿದಳು, “ಅಪ್ಪ ಹುಡುಕಿದ್ದು ಅವ್ವನ ಕೈ. ಸಿಕ್ಕಿದ್ದು ನನ್ನದು. ಅದಕ್ಕೇ ಅವನು ನನ್ನ ಮುಖ ನೋಡುವುದಿಲ್ಲ.”

ವೈದ್ಯೆ ಇನ್ನೊಂದು ದಿನ ಅಂಬಿಗನನ್ನು ಕರೆದರು. ಅವನು, “ಕಾಯಿಲೆ ನನಗಲ್ಲ, ಮಗಳಿಗೆ,” ಎಂದ. “ಹೋದವರು ನಿಮ್ಮ ಹೆಂಡತಿಯಲ್ಲವೇ?” ಎಂದು ಅವರು ಕೇಳಿದರು. ಅಲ್ಲಿಯವರೆಗೆ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. “ಅವಳ ಅವ್ವನನ್ನು ಉಳಿಸಲಿಲ್ಲ ನಾನು. ಯಾವ ಮುಖ ಇಟ್ಟುಕೊಂಡು ಮಗಳನ್ನು ನೋಡಲಿ?” ಎಂದ.

“ಅಪ್ಪನಿಗೆ ನಿನ್ನ ಮೇಲೆ ಬೇಸರವಿಲ್ಲ, ಅವನಿಗಿರುವುದು ನಾಚಿಕೆ.” ಇಷ್ಟನ್ನು ಹುಡುಗಿಗೆ ಹೇಳಿದರೆ ಮುಗಿಯುತ್ತಿತ್ತು. ವೈದ್ಯೆಯ ನಾಲಗೆಯ ತುದಿಗೆ ಆ ಮಾತು ಎಷ್ಟೋ ಸಲ ಬಂತು. ಅವರು ಹೇಳಲಿಲ್ಲ. ಹೇಳದೆ ನೆಮ್ಮದಿಯಾಗಿಯೂ ಇರಲಿಲ್ಲ. ಬದುಕುವ ಆಸೆ ಇದೆಯೇ ಎಂದು ಪ್ರತಿ ವಾರವೂ ಹುಡುಗಿಯನ್ನು ನೇರವಾಗಿಯೇ ಕೇಳುತ್ತಿದ್ದರು.

ಮಗಳು ಉಣ್ಣುವಷ್ಟು ಹೊತ್ತು ಎದ್ದು ಹೋಗದೆ ಒಳಗೇ ಕೂರಬೇಕೆಂದು ಅಂಬಿಗನಿಗೆ ಹೇಳಿದರು. ಮೊದಲು ಅವನು ತಟ್ಟೆ ನೋಡಿಕೊಂಡು ಕೂತ. ಕೆಲವು ದಿನಗಳ ಮೇಲೆ ಅವಳ ಕೈ ನೋಡಲು ಧೈರ್ಯ ಬಂತು. ಅಪ್ಪನನ್ನು ಕೇಳಬೇಕಾದದ್ದನ್ನು ಹುಡುಗಿ ವೈದ್ಯೆಯ ಎದುರು ಕಾಗದದಲ್ಲಿ ಬರೆದಳು, ಹರಿದಳು, ಮತ್ತೆ ಬರೆದಳು.

ಕೊನೆಗೆ ಒಂದು ದಿನ, “ಇವತ್ತು ಅಪ್ಪನನ್ನೂ ಒಳಗೆ ಕರೆಯಿರಿ,” ಎಂದಳು. ಅವನು ಬಂದು ಕೂತ.

“ಅಪ್ಪಾ, ನನ್ನ ಕೈ ಹಿಡಿದದ್ದಕ್ಕೆ ನಿನಗೆ ಬೇಸರವಾ?”

ಅಂಬಿಗ ತಲೆಯೆತ್ತಿ ಅವಳ ಮುಖ ನೋಡಿದ. “ನಾನು ಹಿಡಿದದ್ದು ಆಮೇಲೆ, ಮಗಳೇ. ಮೊದಲು ನಿನ್ನ ಅವ್ವ ನಿನ್ನನ್ನು ನನ್ನ ಕಡೆಗೆ ನೂಕಿದಳು. ಅವಳೇ ನೂಕಿದಳು. ಇದನ್ನು ನಿನಗೆ ಹೇಗೆ ಹೇಳುವುದೋ ತಿಳಿಯಲಿಲ್ಲ.”

ಆ ದಿನ ಅಪ್ಪ ಮಗಳು ಇಬ್ಬರೂ ಒಟ್ಟಿಗೆ ಅತ್ತರು. ಹೋದವಳಿಗಾಗಿ ಅಳಲು ಅವರಿಗೆ ಆವರೆಗೆ ಆಗಿರಲಿಲ್ಲ.

ನೀಲವ್ವ ಮತ್ತೆ ಶಾಲೆಗೆ ಹೋದಳು. ಬಿಟ್ಟಿದ್ದ ಹುಟ್ಟನ್ನು ಅಂಬಿಗ ಮತ್ತೆ ಹಿಡಿದ. ಮರುವರ್ಷ ಇಬ್ಬರೂ ವೈದ್ಯೆಯ ಮನೆಗೆ ಬಂದರು. ಮಗಳು ತಾನೇ ತಟ್ಟಿದ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದಳು. ಅಂಬಿಗ ಕೈ ಮುಗಿದು, “ನನ್ನ ಮಗಳನ್ನು ನನಗೆ ಕೊಟ್ಟಿರಿ ತಾಯಿ,” ಎಂದ.

“ಕೊಟ್ಟವಳು ನಾನಲ್ಲ. ಕೊಟ್ಟವಳಿಗೆ ಕೈ ಮುಗಿಯೋಣ, ನಡೆಯಿರಿ,” ಎಂದರು ವೈದ್ಯೆ.

ಮೂವರೂ ಹೊಳೆಗೆ ಹೋಗಿ, ನೀರಿಗೆ ಹೂವು ಬಿಟ್ಟು, ದಡದಲ್ಲೇ ಕೂತು ರೊಟ್ಟಿ ತಿಂದರು.

ಗುರು ಕತೆ ನಿಲ್ಲಿಸಿದರು. ಶಿಷ್ಯೆ ಕಣ್ಣೊರೆಸಿಕೊಂಡಳು. ಆದರೂ ಬಿಡಲಿಲ್ಲ. “ಅಪ್ಪನಿಗೆ ಬೇಸರವಿಲ್ಲ ಎಂಬ ಮಾತನ್ನು ವೈದ್ಯೆ ಮೊದಲೇ ಹೇಳಿದ್ದರೆ, ಆ ಹುಡುಗಿಗೆ ಅಷ್ಟು ದಿನಗಳ ಸಂಕಟ ತಪ್ಪುತ್ತಿತ್ತಲ್ಲ, ಗುರುಗಳೇ?”

ಗುರು ಹೇಳಿದರು, “ತಪ್ಪುತ್ತಿತ್ತು, ಆದರೆ ಆಮೇಲೆ ಅವಳು ಅಪ್ಪನನ್ನು ಕೇಳುತ್ತಿರಲಿಲ್ಲ. ಅವ್ವ ನೂಕಿದ್ದು ಆ ವೈದ್ಯೆಗೂ ಗೊತ್ತಿರಲಿಲ್ಲವಲ್ಲ.”