ಓಡಿಬಂದಾಕಿಯ ಗಿರಣಿ

“ತಾಯಿ, ತಪ್ಪನ್ನು ಒಪ್ಪಿಕೊಂಡ ಮೇಲೂ ಎದೆ ಹಗುರವಾಗದಿದ್ದರೆ ಏನು ಮಾಡಬೇಕು?” ಎಂದು ಇಂದುಮತಿ ಕೇಳಿದಳು.

ಗುರು ನಾಗಲಾಂಬೆಯವರು ಅರ್ಧ ಆಯುಷ್ಯವನ್ನು ದೇಶ ಸುತ್ತುವುದರಲ್ಲಿ ಕಳೆದವರು. ಉಳಿದರ್ಧವನ್ನು ಇಂಥ ಪ್ರಶ್ನೆಗಳಿಗೆಂದೇ ಇಟ್ಟುಕೊಂಡಿದ್ದರು.

“ಯಾರ ಎದುರು ಒಪ್ಪಿಕೊಂಡೆ?”

“ಎಲ್ಲರ ಎದುರು. ತುಂಬಿದ ಸಭೆಯಲ್ಲಿ.”

“ಯಾವ ಭಾಷೆಯಲ್ಲಿ?”

ಇಂದುಮತಿ ತಬ್ಬಿಬ್ಬಾದಳು. “ಇಂಗ್ಲಿಷಿನಲ್ಲಿ. ಅದಕ್ಕೂ ಇದಕ್ಕೂ ಏನು ಸಂಬಂಧ?”

“ಕುಳಿತುಕೋ,” ಎಂದು ಗುರು ಈ ಕತೆ ಹೇಳಿದರು.

ಒಬ್ಬ ಫುಟ್‌ಬಾಲ್ ಕೋಚ್ ತಾನು ಹುಟ್ಟಿದ ಊರಿನಲ್ಲೇ ದಾರಿ ತಪ್ಪಿ ನಿಂತಿದ್ದಳು. ಹದಿನಾಲ್ಕು ವರ್ಷಗಳ ಮೇಲೆ ಬಂದಿದ್ದಳು. ಮೈದಾನವಿದ್ದ ಕಡೆ ಬಸ್ ಡಿಪೋ ಎದ್ದಿತ್ತು. ಗುರುತಿಗೆಂದು ನೆನಪಿಟ್ಟುಕೊಂಡಿದ್ದ ನೀರಿನ ಟ್ಯಾಂಕು ಕಾಣಲಿಲ್ಲ. ಪರದೇಶದ ವಿಮಾನ ನಿಲ್ದಾಣಗಳಲ್ಲಿ ಕೂಡ ಯಾರನ್ನೂ ಏನೂ ಕೇಳದೆ ನಡೆಯುತ್ತಿದ್ದವಳು ಇಲ್ಲಿ ಪಂಕ್ಚರ್ ಹಾಕುವವನ ಮುಂದೆ ನಿಂತು ಕೇಳಬೇಕಾಯಿತು.

“ಅಣ್ಣಾ, ಸಾವಂತ್ರಿ ಮನಿ ಯಾವ ಕಡೆ?”

“ಯಾವ ಸಾವಂತ್ರಿರೀ? ಇಲ್ಲೇ ನಾಕು ಮಂದಿ ಅದಾರ.”

“ಫುಟ್‌ಬಾಲ್ ಆಡತಿದ್ಲು. ಗೋಲ್‌ಕೀಪರ್.”

ಅವನಿಗೆ ಹೊಳೆಯಲಿಲ್ಲ. ಆಡುತ್ತಿದ್ದ ಹೆಂಗಸರು ಯಾರೂ ಅವನ ಲೆಕ್ಕದಲ್ಲಿರಲಿಲ್ಲ.

“ಎತ್ತರ ಅದಾಳ. ಬಲಗೈ ಕಿರಿಬೆರಳು ಸೊಟ್ಟ.”

“ಹಂಗನ್ರಿ ಮತ್ತ! ಓಡಿಬಂದಾಕಿ. ಹಿಟ್ಟಿನ ಗಿರಣಿ ನಡಸ್ತಾಳ. ಎಡಕ್ಕ ಹೊಳ್ಳಿ, ಸಪ್ಪಳ ಕೇಳೂತನಕಾ ಹೋಗ್ರಿ.”

“ಓಡಿಬಂದಾಕಿ ಅಂದ್ರ?”

“ಯಾರಿಗ್ಗೊತ್ರಿ? ಯಾವನ ಜೋಡಿ ಓಡಿ ಬಂದಿದ್ಲೋ ಏನೋ. ನಾ ಈ ಊರಿಗೆ ಬಂದಾಗಿಂದ ಎಲ್ಲಾರೂ ಹಂಗ ಅಂತಾರ. ಆಕೀನೂ ಓ ಅಂತಾಳ.” ಅವನು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡತೊಡಗಿದ.

ಕೋಚ್ ಎಡಕ್ಕೆ ಹೊರಳಿದಳು. ಆ ಹೆಸರು ಎಲ್ಲಿಂದ ಬಂತೆಂಬುದನ್ನು ಊರು ಮರೆತಿತ್ತು. ಅವಳು ಮರೆತಿರಲಿಲ್ಲ. ಅದನ್ನು ಇಟ್ಟವಳು ಅವಳೇ.

ಹದಿನಾಲ್ಕು ವರ್ಷಗಳ ಹಿಂದೆ ಇಬ್ಬರೂ ಒಂದೇ ಓಣಿಯವರು, ಒಂದೇ ತಟ್ಟೆಯಲ್ಲಿ ಉಂಡವರು. ಒಬ್ಬಳು ಆಟ ಬಿಟ್ಟು ಊರಿನ ಹುಡುಗಿಯರ ತಂಡಕ್ಕೆ ಕೋಚ್ ಆದಳು. ಇನ್ನೊಬ್ಬಳು ಆ ತಂಡದ ಗೋಲು ಕಾಯುತ್ತಿದ್ದಳು. ತಂಡ ಫೈನಲ್ ತಲುಪಿತು. ರಾಜ್ಯ ತಂಡಕ್ಕೆ ಆಟಗಾರರನ್ನು ಆರಿಸುವವರು ಗ್ಯಾಲರಿಯಲ್ಲಿ ಕುಳಿತಿದ್ದರು. ಅವರು ನೋಡಲು ಬಂದದ್ದು ಗೋಲ್‌ಕೀಪರ್‌ಳನ್ನು.

ಆಟ ಮುಗಿಯಲು ಎರಡು ನಿಮಿಷವಿತ್ತು. ಎದುರಾಳಿಯ ಹುಡುಗಿಯೊಬ್ಬಳು ಚೆಂಡು ಒದೆಯುತ್ತ ಓಡಿಬಂದಳು. ಗೆರೆಯ ಹೊರಗೆ ನಿಂತಿದ್ದ ಕೋಚ್, “ಮುಂದ ಬಾ!” ಎಂದು ಕೂಗಿದಳು. ಗೋಲ್‌ಕೀಪರ್ ಒಂದು ಕ್ಷಣವೂ ಯೋಚಿಸದೆ ಗೋಲು ಬಿಟ್ಟು ಮುಂದೆ ಓಡಿದಳು. ಚೆಂಡು ಅವಳ ತಲೆಯ ಮೇಲಿಂದ ಹಾರಿ ಖಾಲಿ ಬಲೆಯೊಳಗೆ ಬಿತ್ತು.

ಆಟ ಮುಗಿದ ಮೇಲೆ ಗೇಟಿನ ಹತ್ತಿರ ಮೂವರು ಪತ್ರಕರ್ತರು ಕೋಚ್‌ಳನ್ನು ನಿಲ್ಲಿಸಿದರು. ಅವಳಿಗೆ ಇಪ್ಪತ್ತಾರು ವರ್ಷ. ಕೆಲಸ ಹೋಗುತ್ತದೆಂಬ ಭಯ. ಕನ್ನಡದಲ್ಲೇ ಕೇಳಿದರು, ಕನ್ನಡದಲ್ಲೇ ಹೇಳಿದಳು: “ನಾನು ಅಲ್ಲೇ ನಿಲ್ಲು ಎಂದೆ. ಅವಳು ಓಡಿ ಬಂದಳು.”

ಗೋಲ್‌ಕೀಪರ್ ಎರಡು ಹೆಜ್ಜೆ ಆಚೆ ನಿಂತು ಕೈಗವಸು ಕಳಚುತ್ತಿದ್ದಳು. ಕೇಳಿಸಿಕೊಂಡಳು. ಗವಸುಗಳೆರಡನ್ನೂ ಗೇಟಿಗೆ ಸಿಕ್ಕಿಸಿ ಮನೆಗೆ ಹೋದಳು. ಮರುದಿನ ‘ಅವಳು ಓಡಿ ಬಂದಳು’ ಎಂಬ ಪತ್ರಿಕೆಯ ತಲೆಬರಹವೇ ಊರಿನ ಬಾಯಲ್ಲಿ ಅವಳ ಹೆಸರಾಯಿತು. ಆರಿಸುವವರು ಬೇರೆಯವರನ್ನು ಆರಿಸಿಕೊಂಡರು.

ಕೋಚ್‌ಳ ಕೆಲಸ ಉಳಿಯಿತು. ಅಲ್ಲಿಂದ ಬೇರೆ ಊರು, ಆಮೇಲೆ ಬೇರೆ ದೇಶ. ದೂರದ ಒಂದು ಹೆಂಗಸರ ತಂಡ ಅವಳನ್ನು ಕರೆಸಿಕೊಂಡಿತು.

ಆ ದೇಶದಲ್ಲಿ ಒಂದು ಪದ್ಧತಿ. ಆಟ ಮುಗಿದ ಕೂಡಲೇ ಸೋತ ತಂಡದ ಕೋಚ್ ಮೊದಲು ಬಂದು ಮೈಕಿನ ಮುಂದೆ ಕುಳಿತುಕೊಳ್ಳಬೇಕು. ಮುಖ ತೊಳೆಯುವಷ್ಟು ಬಿಡುವೂ ಕೊಡುತ್ತಿರಲಿಲ್ಲ. ಅಲ್ಲಿನ ಭಾಷೆಯಲ್ಲೇ ಉತ್ತರ ಹೇಳಬೇಕು. ಮೊದಲ ವರ್ಷ ಅವಳಿಗೆ ಬರುತ್ತಿದ್ದದ್ದು ಮುನ್ನೂರು ಪದ, ಅದರಲ್ಲಿ ಅರ್ಧ ತರಕಾರಿಯ ಹೆಸರು. ಇನ್ನೊಬ್ಬರ ಮೇಲೆ ತಪ್ಪು ಹೊರಿಸಬೇಕಾದರೆ ಯಾರು ಎಲ್ಲಿ ನಿಂತಿದ್ದರು, ತಾನು ಏನು ಹೇಳಿದ್ದೆ, ಅವರು ಏನು ಮಾಡಿದರು, ಎಲ್ಲವನ್ನೂ ವಿವರಿಸಬೇಕು. ಅಷ್ಟು ಪದ ಅವಳಲ್ಲಿರಲಿಲ್ಲ. ತನ್ನ ಮೇಲೆ ಹಾಕಿಕೊಳ್ಳಲು ಎರಡೇ ಪದ ಸಾಕಾಗಿತ್ತು.

“ತಪ್ಪು ನನ್ನದು,” ಎಂದಳು, ಆ ಭಾಷೆಯಲ್ಲಿ.

ಬರೆಯುತ್ತಿದ್ದ ಪತ್ರಕರ್ತರ ಕೈ ನಿಂತಿತು. ಅಲ್ಲಿ ಯಾವ ಕೋಚ್ ಕೂಡ ಹಾಗೆ ಹೇಳಿದವರಿರಲಿಲ್ಲ. ಎಲ್ಲರೂ ಗಾಳಿಯನ್ನು, ರೆಫರಿಯನ್ನು, ಹುಲ್ಲನ್ನು ಬೈದು ಎದ್ದುಹೋಗುವವರು. ಮರುದಿನ ಅವಳ ಎರಡು ಪದ ದಪ್ಪ ಅಕ್ಷರದಲ್ಲಿ ಬಂದವು. ಮೀನು ಮಾರುವವಳು ಬುಟ್ಟಿಯ ಅಡಿಯಿಂದ ತಾಜಾ ಮೀನು ಆರಿಸಿಕೊಟ್ಟಳು. ತಂಡದ ಹುಡುಗಿಯರು ಅವಳಿಗಾಗಿ ಮೊಣಕಾಲು ಒಡೆದುಕೊಂಡು ಆಡಿದರು.

ವರ್ಷಗಳು ಕಳೆದವು. ಭಾಷೆ ಪೂರ್ತಿ ಬಂತು. ಅದರಲ್ಲಿ ಚೌಕಾಸಿ ಮಾಡಿದಳು, ಜಗಳವಾಡಿದಳು, ಕನಸನ್ನೂ ಕಂಡಳು. ಆದರೆ ಸೋತ ದಿನ ಹೇಳುವ ಮಾತು ಮಾತ್ರ ಅದೇ ಉಳಿಯಿತು. ಹೇಳುವುದು ಸುಲಭವಾಗಿತ್ತು. ಆ ಭಾಷೆಯಲ್ಲಿ ಅವಳನ್ನು ಯಾರೂ ಎತ್ತಿ ಆಡಿಸಿರಲಿಲ್ಲ, ಯಾರೂ ಹೊಡೆದಿರಲಿಲ್ಲ. ಅದರಲ್ಲಿ ಅವಳು ಯಾರ ತಟ್ಟೆಯಲ್ಲೂ ಉಂಡಿರಲಿಲ್ಲ. ಮಾತು ಎಲ್ಲಿಯೂ ಸಿಕ್ಕಿಕೊಳ್ಳದೆ ನಾಲಿಗೆಯಿಂದ ಜಾರಿ ಹೋಗುತ್ತಿತ್ತು. ಪ್ರತಿ ಸಲ ಹೇಳಿದಾಗಲೂ, ಊರಿನಲ್ಲಿ ಬಿಟ್ಟು ಬಂದ ಋಣ ಒಂದಿಷ್ಟು ತೀರಿತೆಂದು ಅವಳು ತಿಳಿದಿದ್ದಳು.

ಒಂದು ದಿನ ತಂಡ ಸೋತಿತು. ಅವಳು ಮೈಕಿನ ಮುಂದೆ ಕುಳಿತಳು, ಹೇಳಬೇಕಾದ್ದನ್ನು ಹೇಳಿದಳು. ಮುಂದಿನ ಸಾಲಿನಲ್ಲಿ ನಿವೃತ್ತಿಗೆ ಬಂದ ಒಬ್ಬ ಪತ್ರಕರ್ತನಿದ್ದ. ಅವಳ ಮೊದಲ ಸೋಲನ್ನೂ ಅವನೇ ಬರೆದಿದ್ದ. ಅವನು ಪ್ರೀತಿಯಿಂದ ಕೇಳಿದ: “ಮೇಡಂ, ಈ ಮಾತನ್ನು ನಿಮ್ಮ ಭಾಷೆಯಲ್ಲಿ ಒಮ್ಮೆ ಹೇಳಿ. ಅದರ ದನಿ ಹೇಗಿರುತ್ತದೆ, ಕೇಳೋಣ.”

ಅವಳು ನಕ್ಕಳು. ಮೈಕಿನ ಕಡೆ ಬಾಗಿದಳು. ಬಾಯಿ ತೆರೆದಳು.

ಬರಲಿಲ್ಲ.

ಎರಡೇ ಪದ. ಕೂಸಿಗೂ ಬರುವಂಥವು. ಅವು ಬರುವ ದಾರಿಯಲ್ಲಿ ಒಂದು ಗೇಟು, ಗೇಟಿನಲ್ಲಿ ಸಿಕ್ಕಿಸಿದ ಎರಡು ಕೈಗವಸು. ಸಭೆ ಕಾಯಿತು. ಸೋಲಿನ ದುಃಖಕ್ಕೆ ಗಂಟಲು ಕಟ್ಟಿತೆಂದುಕೊಂಡು ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯಷ್ಟು ನಾಚಿಕೆ ಅವಳಿಗೆ ಯಾವ ಸೋಲಿನಲ್ಲೂ ಆಗಿರಲಿಲ್ಲ. ಮುಂದಿನ ವಾರವೇ ಊರಿಗೆ ಹೊರಟಳು.

ಈಗ ಸಪ್ಪಳ ಹಿಡಿದು ಗಿರಣಿಗೆ ಬಂದಳು. ಡಬ್ಬಿ ಹಿಡಿದ ಏಳೆಂಟು ಹೆಂಗಸರು ಸಾಲಾಗಿ ನಿಂತಿದ್ದರು. ಒಳಗೆ ಗೋಲ್‌ಕೀಪರ್ ಜೋಳದ ಚೀಲವನ್ನು ಎರಡೂ ಅಂಗೈಯಲ್ಲಿ ಎದೆಗೆ ಅವುಚಿ ಎತ್ತುತ್ತಿದ್ದಳು, ಹಿಂದೆ ಚೆಂಡು ಹಿಡಿಯುತ್ತಿದ್ದ ಹಾಗೆಯೇ. ಹುಬ್ಬಿನ ಮೇಲೆಲ್ಲ ಹಿಟ್ಟು.

“ಓಡಿಬಂದಾಕೀ, ನಂದು ಮೊದಲ ಹಾಕಬೇ,” ಎಂದು ಒಬ್ಬ ಮುದುಕಿ ಕೂಗಿದಳು.

“ಓ,” ಎಂದು ಗೋಲ್‌ಕೀಪರ್ ತಿರುಗಿದಳು. ಕೋಚ್‌ಳನ್ನು ಕಂಡಳು. ಬಹಳ ಹೊತ್ತು ನೋಡಲಿಲ್ಲ, ಒಮ್ಮೆ ನೋಡಿದಳಷ್ಟೆ.

“ಶಾರಿ ಏನ? ದಪ್ಪ ಆಗೀಯಲ್ಲ!”

ವಿಮಾನದಲ್ಲಿ ಕುಳಿತು ಕೋಚ್ ಒಂದು ಉದ್ದದ ಮಾತು ಸಿದ್ಧಮಾಡಿಕೊಂಡಿದ್ದಳು. ವಯಸ್ಸು ಚಿಕ್ಕದಿತ್ತು, ಭಯವಿತ್ತು, ಮನೆಯ ಪರಿಸ್ಥಿತಿ ಹಾಗಿತ್ತು ಎಂದೆಲ್ಲ ಇತ್ತು. ಅದೂ ಆ ದೇಶದ ಭಾಷೆಯಲ್ಲೇ ಸಿದ್ಧವಾಗಿತ್ತೆಂಬುದು ಅವಳಿಗೆ ಈಗ ತಿಳಿಯಿತು. ಇಲ್ಲಿ ಅದು ನಡೆಯುವಂತಿರಲಿಲ್ಲ. ಪರದೇಶದ ಮೊದಲ ವರ್ಷದ ಹಾಗೆ ಅವಳ ಬಳಿ ಕೆಲವೇ ಪದಗಳು ಉಳಿದವು.

“ಸಾವಂತ್ರಿ,” ಎಂದಳು. “ಅವತ್ತ ಮುಂದ ಬಾ ಅಂದಾಕಿ ನಾನು. ತಪ್ಪ ನಂದು.”

ದನಿ ಏಳಲಿಲ್ಲ. ಗಿರಣಿ ಅದನ್ನು ಜೋಳದ ಜೊತೆಗೇ ನುಂಗಿಬಿಟ್ಟಿತು.

ಗೋಲ್‌ಕೀಪರ್ ಕಿವಿಗೆ ಕೈ ಹಚ್ಚಿದಳು. “ಏನಂದಿ? ಕೇಳಸವಲ್ದು.”

ಕೋಚ್ ಇನ್ನೊಮ್ಮೆ ಹೇಳಿದಳು. ಸಾಲಿನ ಮುಂದಿದ್ದವಳು ತಿರುಗಿ ನೋಡಿದಳು. ಕೋಚ್‌ಳ ಕಿವಿ ಸುಟ್ಟಂತಾಯಿತು.

“ಜೋರಾಗಿ ಹೇಳ! ಮೈದಾನದಾಗ ಎಷ್ಟ ಜೋರ ಒದರತಿದ್ದೆಲ್ಲ!”

ಕೋಚ್ ಕಣ್ಣು ಮುಚ್ಚಿದಳು. ಗೆರೆಯ ಹೊರಗೆ ನಿಂತು ಕೂಗುತ್ತಿದ್ದ ದನಿಯನ್ನೆಲ್ಲ ಒಟ್ಟುಮಾಡಿಕೊಂಡು ಕೂಗಿದಳು: “ಮುಂದ ಬಾ ಅಂದಾಕಿ ನಾನು! ಪೇಪರಿನಾಗ ಸುಳ್ಳ ಹೇಳಿದೆ! ತಪ್ಪ ನಂದು!”

ಅವಳು ಕೂಗುತ್ತಿರುವಾಗಲೇ ಗೋಲ್‌ಕೀಪರ್ ಕೈ ಚಾಚಿ ಸ್ವಿಚ್ಚು ಆರಿಸಿದ್ದಳು. ಕೊನೆಯ ಎರಡು ಪದ ಸದ್ದಿಲ್ಲದ ಓಣಿಯಲ್ಲಿ ಬಿದ್ದವು. ಆಚೆ ತುದಿಯಲ್ಲಿ ಪಂಕ್ಚರ್ ಹಾಕುವವನೂ ತಲೆ ಎತ್ತಿದ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಗಿರಣಿಯ ಪಟ್ಟಾ ಒಂದೆರಡು ಸುತ್ತು ಪಟಪಟ ಬಡಿದು ನಿಂತಿತು.

“ಮೊದಲನೇ ಸಲಾನ ತಿಳಿದಿತ್ತು,” ಎಂದಳು ಗೋಲ್‌ಕೀಪರ್. “ಇಷ್ಟ ವರ್ಷ ಈ ಸಪ್ಪಳದಾಗ ಅದೀನಿ. ತುಟಿ ನೋಡಿದ್ರ ಸಾಕು ನನಗ.”

“ಮತ್ಯಾಕ ಮೂರ ಸಲ ಹೇಳಿಸಿದಿ?”

ಗೋಲ್‌ಕೀಪರ್ ಗದ್ದ ಎತ್ತಿ ಡಬ್ಬಿಯ ಸಾಲನ್ನು ತೋರಿಸಿದಳು. “ನನಗ ಗೊತ್ತಿತ್ತಲ್ಲ, ಶಾರಿ. ಗೊತ್ತಿಲ್ಲದಾವ್ರು ಇವರು.”

ಮುದುಕಿ ಡಬ್ಬಿಯನ್ನು ಸೊಂಟದಿಂದ ಇಳಿಸಿದಳು. ಒಬ್ಬರನ್ನು ಬಿಟ್ಟು ಒಬ್ಬರ ಮುಖ ನೋಡಿದಳು. “ಅಂದ್ರ, ಇಕಿ ಯಾವನ ಜೋಡೀನೂ ಓಡಿ ಬಂದಿಲ್ಲೇನ?”

“ಇಲ್ಲಬೇ,” ಎಂದಳು ಕೋಚ್. ಹೇಳುವಾಗ ಅವಳ ಕಣ್ಣು ತುಂಬಿತು. “ನಾ ಕರದೆ. ಅದಕ್ಕ ಬಂದ್ಲು.”

ಗೋಲ್‌ಕೀಪರ್ ಒಂದು ಖಾಲಿ ಚೀಲದ ಬಾಯಿ ಬಿಡಿಸಿ ಅವಳ ಕೈಗೆ ಕೊಟ್ಟಳು. “ಸುಮ್ಮನ ನಿಂದ್ರಬ್ಯಾಡ. ಹಿಟ್ಟ ಬೀಳ್ತದ, ಹಿಡಿ.” ಸ್ವಿಚ್ಚು ಹಾಕಿದಳು. ಕೋಚ್ ಚೀಲ ಹಿಡಿದು ಕುಳಿತಳು. ಬೆಚ್ಚಗಿನ ಹಿಟ್ಟು ಅವಳ ಕೈಯ ಮೇಲೆ ಬೀಳತೊಡಗಿತು.

ಸಪ್ಪಳ ಏರುವ ಮುಂಚೆ ಮುದುಕಿಯ ದನಿ ಕೇಳಿಸಿತು.

“ಸಾವಂತ್ರೀ, ನಂದೀಟು ಸಣ್ಣಗ ಬೀಸವಾ.”

ಗುರು ಇಲ್ಲಿಗೆ ನಿಲ್ಲಿಸಿದರು. ಇಂದುಮತಿ ಇನ್ನೂ ಇದೆಯೆಂದು ಕಾದಳು. ಆಮೇಲೆ ಮೆಲ್ಲಗೆ ಕೇಳಿದಳು: “ಆ ಗೋಲ್‌ಕೀಪರ್ ಕ್ಷಮಿಸಿದಳೇ, ತಾಯಿ?”

“ನಿನ್ನ ಗಿರಣಿ ಯಾವ ಓಣಿಯಲ್ಲಿದೆ?” ಎಂದರು ಗುರು.

ಇಂದುಮತಿ ತನ್ನ ಊರಿನ ಬಸ್ಸು ಎಷ್ಟು ಹೊತ್ತಿಗೆಂದು ಕೇಳಿ ಎದ್ದಳು.